ತಂಪು ಬೇಕಾ, ಚಳಿ ಬೇಕಾ? ದೇವಾ ಬಿಲ್ ಮುಂದಿಟ್ಟುಕೊಂಡು ಮಕ್ಕಳ ಜೊತೆ ಇಂಗಾಲದ ಲೆಕ್ಕ

ತಿಂಗಳಿಗೊಮ್ಮೆ ಬರುವ ದೇವಾ ಬಿಲ್ಲನ್ನು ನೀವು ಹೇಗೆ ನೋಡುತ್ತೀರಿ? ನಮ್ಮಲ್ಲಿ ಹೆಚ್ಚಿನವರು ಕೊನೆಯ ಮೊತ್ತ ನೋಡಿ, ‘ದೇವಾ!’ ಎಂದು ಉದ್ಗರಿಸಿ, ಆ್ಯಪ್‌ನಲ್ಲೇ ಕಟ್ಟಿ ಮುಗಿಸುತ್ತೇವೆ. ದುಬೈ ವಿದ್ಯುತ್ ಮತ್ತು ಜಲ ಪ್ರಾಧಿಕಾರದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಕನ್ನಡದ ಕಿವಿಗೆ ಹೀಗೆ ಕೇಳಿಸುವುದು ಆಕಸ್ಮಿಕ. ಆದರೆ ಆಗಸ್ಟ್ ತಿಂಗಳ ಬಿಲ್ಲಿಗೆ ಅದಕ್ಕಿಂತ ಒಳ್ಳೆಯ ಹೆಸರು ಇರಲಾರದು.

ಈ ತಿಂಗಳು ಸ್ವಲ್ಪ ನಿಧಾನವಾಗಿ ನೋಡಿ. ಮನೆಯಲ್ಲಿ ಎಂಟು-ಹತ್ತು ವರ್ಷದ ಮಗುವಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಬಿಲ್ಲಿನ ಪಿಡಿಎಫ್ ತೆರೆಯಿರಿ. ಒಟ್ಟು ಮೊತ್ತವನ್ನು ಸದ್ಯಕ್ಕೆ ಬಿಟ್ಟುಬಿಡಿ. ಅದರಲ್ಲಿ ವರ್ಷದ ಬಾಡಿಗೆಯ ಶೇ. 5ರಷ್ಟು ಹೌಸಿಂಗ್ ಫೀ ಹನ್ನೆರಡು ಕಂತಾಗಿ ಸೇರಿಕೊಂಡಿರುತ್ತದೆ. ನೀವು ಬಳಸಿದ ಕರೆಂಟಿಗೂ ಅದಕ್ಕೂ ಸಂಬಂಧವಿಲ್ಲ. ನೋಡಬೇಕಾದ್ದು ವಿದ್ಯುತ್ತಿನ ಯೂನಿಟ್, ನೀರಿನ ಗ್ಯಾಲನ್, ಮತ್ತು ಸಾಮಾನ್ಯವಾಗಿ ನಮ್ಮ ಕಣ್ಣು ಹಾರಿಸಿ ಹೋಗುವ ಇನ್ನೊಂದು ಅಂಕಿ: ಕಿಲೋಗ್ರಾಂ ಲೆಕ್ಕದಲ್ಲಿ ಕೊಟ್ಟಿರುವ ಕಾರ್ಬನ್ ಫುಟ್‌ಪ್ರಿಂಟ್. ನಿಮ್ಮ ಮನೆ ಈ ತಿಂಗಳು ಗಾಳಿಗೆ ಬಿಟ್ಟ ಇಂಗಾಲದ ಲೆಕ್ಕ ಅದು.

ನಮ್ಮ ಮಕ್ಕಳಿಗೆ ಈ ವಿಷಯ ಹೊಸದಲ್ಲ. ಯುಎಇ 2023ನ್ನು ಸಸ್ಟೈನಬಿಲಿಟಿ ವರ್ಷ ಎಂದು ಘೋಷಿಸಿತು, ಅದೇ ವರ್ಷದ ಕೊನೆಯಲ್ಲಿ ಎಕ್ಸ್‌ಪೋ ಸಿಟಿಯಲ್ಲಿ ಸಿಒಪಿ 28 ಹವಾಮಾನ ಸಮ್ಮೇಳನ ನಡೆಯಿತು. ಶಾಲೆಗಳಲ್ಲಿ ಪೋಸ್ಟರ್, ಪ್ರಾಜೆಕ್ಟ್, ಅಸೆಂಬ್ಲಿ ಎಲ್ಲ ಆಯಿತು. ತೊಂದರೆ ಎಲ್ಲಿದೆ ಎಂದರೆ, ಮಗು ಇದೆಲ್ಲವನ್ನೂ ಇಂಗ್ಲಿಷಿನಲ್ಲಿ ಕಲಿಯುತ್ತದೆ. ಎಸಿ, ಸ್ನಾನ, ಅಡುಗೆ, ಊಟ ಎಲ್ಲ ನಡೆಯುವುದು ಕನ್ನಡದಲ್ಲಿ. ಶಾಲೆಯಲ್ಲಿ ಭೂಮಿಯನ್ನು ಉಳಿಸುವ ಮಗು ಮನೆಗೆ ಬಂದು, “ಅಮ್ಮಾ, ಎಸಿ ಟ್ವೆಂಟಿ ಮಾಡು” ಎನ್ನುತ್ತದೆ. ಎರಡಕ್ಕೂ ನಂಟಿದೆ ಎಂದು ಅದಕ್ಕೆ ಹೊಳೆಯುವುದೇ ಇಲ್ಲ, ಏಕೆಂದರೆ ಆ ಎರಡು ವಿಷಯ ಅದರ ತಲೆಯಲ್ಲಿ ಎರಡು ಬೇರೆ ಭಾಷೆಗಳಲ್ಲಿವೆ. ಆ ನಂಟನ್ನು ಬೆಸೆಯುವ ಕೆಲಸ ಶಾಲೆಯಿಂದ ಆಗುವುದಿಲ್ಲ, ಅದು ನಮ್ಮ ಪಾಲಿನದು.

ಇಂಗಾಲ ಎಂಬ ಪದದಿಂದಲೇ ಶುರು ಮಾಡಬಹುದು. ಸಂಸ್ಕೃತದ ಅಂಗಾರ ಕನ್ನಡಕ್ಕೆ ಬಂದು ಇಂಗಾಲ ಆಯಿತು. ಅಂಗಾರ ಎಂದರೆ ಕೆಂಡ, ಇದ್ದಿಲು. ‘ಕಾರ್ಬನ್’ ಎಂದಾಗ ಮಗುವಿನ ಕಣ್ಣಿಗೆ ಏನೂ ಕಾಣುವುದಿಲ್ಲ. “ಇದ್ದಿಲು ಗೊತ್ತಲ್ಲ, ಬಾರ್ಬಿಕ್ಯೂಗೆ ತರ್ತೀವಲ್ಲ, ಅದು” ಎಂದರೆ ಕಾಣುತ್ತದೆ.

ದೇಶದ ಅಂಕಿ, ಮನೆಯ ಅಂಕಿ

ಮನೆಯ ಕರೆಂಟಿನ ಇಂಗಾಲ ಒಂದು ಸುಲಭ ಗುಣಾಕಾರ. ಎಷ್ಟು ಯೂನಿಟ್ ಬಳಸಿದೆವು ಎಂಬುದು ಒಂದು ಅಂಕಿ. ಒಂದು ಯೂನಿಟ್ ತಯಾರಿಸಲು ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬಿತ್ತು ಎಂಬುದು ಇನ್ನೊಂದು. ಕಲ್ಲಿದ್ದಲು ಉರಿಸಿದರೆ ಯೂನಿಟ್‌ಗೆ ಸುಮಾರು 900 ಗ್ರಾಂ ಅಥವಾ ಇನ್ನೂ ಹೆಚ್ಚು; ಒಳ್ಳೆಯ ಸ್ಥಾವರದಲ್ಲಿ ನೈಸರ್ಗಿಕ ಅನಿಲ ಉರಿಸಿದರೆ ಸುಮಾರು 400 ಗ್ರಾಂ; ಅಣುಶಕ್ತಿ ಮತ್ತು ಸೂರ್ಯನ ಬೆಳಕಿನಲ್ಲಿ ಉರಿಸುವುದೇ ಏನೂ ಇಲ್ಲ. ಈ ಎರಡನೇ ಅಂಕಿಯನ್ನು ಸಿಲಿಕಾನ್ ಓಯಸಿಸ್‌ನ ಬಾಡಿಗೆ ಫ್ಲ್ಯಾಟಿನಲ್ಲಿ ಕುಳಿತು ನೀವು ನಾನು ಬದಲಿಸಲಾಗದು. ಅದು ಸರ್ಕಾರದ ನೀತಿಯಿಂದ ಬದಲಾಗಬೇಕು.

ಇಲ್ಲಿ ಅದು ಬದಲಾಗಿದೆ. ಅಬುಧಾಬಿಯ ಅಲ್ ದಫ್ರಾ ಪ್ರದೇಶದ ಬರಾಕಾ ಅಣುವಿದ್ಯುತ್ ಸ್ಥಾವರದ ಮೊದಲ ಘಟಕ 2020ರಲ್ಲಿ ಗ್ರಿಡ್‌ಗೆ ಸೇರಿತು, ನಾಲ್ಕನೆಯದು 2024ರಲ್ಲಿ ಪೂರ್ಣ ಕೆಲಸ ಶುರು ಮಾಡಿತು. ನಾಲ್ಕೂ ಸೇರಿ 5,600 ಮೆಗಾವಾಟ್, ಅಂದರೆ ದೇಶದ ವಿದ್ಯುತ್ತಿನ ಕಾಲು ಭಾಗ. ನಮ್ಮ ಉತ್ತರ ಕನ್ನಡದ ಕೈಗಾದಲ್ಲೂ ನಾಲ್ಕು ಘಟಕಗಳಿವೆ, ಒಂದೊಂದೂ 220 ಮೆಗಾವಾಟ್. ಗಾತ್ರದಲ್ಲಿ ಚಿಕ್ಕದಾದರೂ ಕೈಗಾದ ಮೊದಲ ಘಟಕ ಒಮ್ಮೆಯೂ ನಿಲ್ಲದೆ 962 ದಿನ ಓಡಿ, 2018ರ ಕೊನೆಯ ದಿನ ವಿಶ್ರಾಂತಿ ಪಡೆಯಿತು. ಆ ಹೊತ್ತಿಗೆ ಅದು ವಿಶ್ವದಾಖಲೆ. ‘ನಮ್ಮೂರಲ್ಲೂ ಇದೆ’ ಎಂದು ಹೇಳಿಕೊಳ್ಳಲು ಮಕ್ಕಳಿಗೆ ಇಂಥ ಒಂದೆರಡು ಸಂಗತಿ ಗೊತ್ತಿರಲಿ.

ಇನ್ನೊಂದು, ನಮಗೆ ಹತ್ತಿರದ್ದು: ಸೈಹ್ ಅಲ್ ದಹಲ್‌ನ ಮರಳಿನಲ್ಲಿರುವ ಮೊಹಮ್ಮದ್ ಬಿನ್ ರಾಶಿದ್ ಅಲ್ ಮಕ್ತೂಮ್ ಸೋಲಾರ್ ಪಾರ್ಕ್. 2013ರಲ್ಲಿ ಬರೀ 13 ಮೆಗಾವಾಟ್‌ನಿಂದ ಆರಂಭವಾದದ್ದು, 2030ರ ವೇಳೆಗೆ 5,000 ಮೆಗಾವಾಟ್ ಮೀರಿಸುವ ಯೋಜನೆ. ಅಲ್ಲಿ 263 ಮೀಟರ್ ಎತ್ತರದ ಒಂದು ಗೋಪುರವಿದೆ. ಸುತ್ತಲಿನ ಸಾವಿರಾರು ಕನ್ನಡಿಗಳು ಬಿಸಿಲನ್ನು ಅದರ ತುದಿಗೆ ಎಸೆಯುತ್ತವೆ, ಆ ಕಾವಿನಲ್ಲಿ ಕರಗಿದ ಉಪ್ಪು ಬಿಸಿಯಾಗುತ್ತದೆ, ಸೂರ್ಯ ಮುಳುಗಿದ ಮೇಲೂ ಆ ಉಪ್ಪಿನ ಬಿಸಿಯಿಂದ ಹಬೆ ಎದ್ದು ಕರೆಂಟ್ ಹುಟ್ಟುತ್ತದೆ. ಮಕ್ಕಳಿಗೆ ಅರ್ಥವಾಗದಿದ್ದರೆ ಬಚ್ಚಲಮನೆಯ ಹಂಡೆಯ ಕತೆ ಹೇಳಿ. ರಾತ್ರಿ ಒಲೆ ಆರಿದರೂ ಕೆಂಡದ ಕಾವಿಗೆ ಬೆಳಿಗ್ಗೆ ನೀರು ಉಗುರು ಬೆಚ್ಚಗೆ ಇರುತ್ತಿತ್ತಲ್ಲ, ತತ್ವ ಅದೇ. ಪಾರ್ಕಿನ ಇನೊವೇಶನ್ ಸೆಂಟರ್‌ಗೆ ಮೊದಲೇ ಬುಕ್ ಮಾಡಿಕೊಂಡು ಹೋಗಬಹುದು. ಚಳಿಗಾಲದ ಒಂದು ಶನಿವಾರಕ್ಕೆ ಮಾಲ್‌ಗಿಂತ ಎಷ್ಟೋ ವಾಸಿ.

ಹಸ್ಯಾನ್ ಸ್ಥಾವರದ ಕತೆ ಅಷ್ಟಾಗಿ ಯಾರೂ ಹೇಳುವುದಿಲ್ಲ. ದುಬೈಯ ಕರಾವಳಿಯಲ್ಲಿ ಕಲ್ಲಿದ್ದಲಿಗೆಂದು ಕಟ್ಟಿದ ದೊಡ್ಡ ವಿದ್ಯುತ್ ಸ್ಥಾವರ ಅದು. 2022ರಲ್ಲಿ ಅದನ್ನು ನೈಸರ್ಗಿಕ ಅನಿಲಕ್ಕೆ ಬದಲಿಸುವುದಾಗಿ ಪ್ರಕಟಿಸಿದರು. ಒಂದು ನಿರ್ಧಾರದಿಂದ ಅಲ್ಲಿನ ಪ್ರತಿ ಯೂನಿಟ್ಟಿನ ಇಂಗಾಲ ಬಹಳಷ್ಟು ಇಳಿಯುತ್ತದೆ. ನಾವು ಸಾವಿರ ಮನೆಯವರು ವರ್ಷಗಟ್ಟಲೆ ಲೈಟ್ ಆರಿಸಿದರೂ ಅಷ್ಟು ಉಳಿತಾಯ ಸಾಧ್ಯವಿಲ್ಲ. ನೀತಿ ಏಕೆ ಬೇಕು ಎಂದು ದೊಡ್ಡ ಮಗು ಕೇಳಿದರೆ ಇದಕ್ಕಿಂತ ಸರಳ ಉದಾಹರಣೆ ನನಗೆ ಗೊತ್ತಿಲ್ಲ.

ಒಟ್ಟು ಗುರಿ 2050ಕ್ಕೆ ನಿವ್ವಳ ಶೂನ್ಯ. ಅಂದರೆ ಗಾಳಿಗೆ ಬಿಟ್ಟಷ್ಟನ್ನು ಮರಳಿ ಹೀರಿಕೊಳ್ಳುವ ಸ್ಥಿತಿಗೆ ತಲುಪುವುದು. 2021ರ ಅಕ್ಟೋಬರ್‌ನಲ್ಲಿ ಈ ಗುರಿ ಘೋಷಿಸಿದಾಗ ಈ ಪ್ರದೇಶದಲ್ಲಿ ಯುಎಇಯೇ ಮೊದಲು. ಮರುತಿಂಗಳು ಗ್ಲಾಸ್ಗೋದಲ್ಲಿ ಭಾರತ 2070 ಎಂದಿತು. ನಿಮ್ಮಲ್ಲಿ ಸಿಲಿಕಾನ್ ಓಯಸಿಸ್‌ನ ಕಂಪನಿಗಳಲ್ಲೇ ಕೆಲಸ ಮಾಡುವವರಿಗೆ ಇನ್ನೊಂದು ಸುದ್ದಿ ಈಗಾಗಲೇ ತಟ್ಟಿರಬಹುದು: 2025ರ ಮೇ 30ರಿಂದ ಜಾರಿಗೆ ಬಂದ ಕೇಂದ್ರ ಕಾನೂನಿನಂತೆ, ಮುಕ್ತ ವಲಯದ ಕಂಪನಿಗಳೂ ಸೇರಿ ಎಲ್ಲ ಸಂಸ್ಥೆಗಳು ತಮ್ಮ ಇಂಗಾಲವನ್ನು ಅಳೆದು ವರದಿ ಮಾಡಬೇಕು. “ನಮ್ಮ ಆಫೀಸಿಗೂ ಬಿಲ್ ಬರುತ್ತೆ ಪುಟ್ಟಾ, ನಾವೂ ಲೆಕ್ಕ ಕೊಡಬೇಕು” ಎಂದು ಅಪ್ಪ ಹೇಳಿದರೆ ಮಗು ನಂಬುತ್ತದೆ.

ಜಾಣ ಮಗು ಮುಂದಿನ ಪ್ರಶ್ನೆ ಕೇಳಿಯೇ ಕೇಳುತ್ತದೆ. “ಈ ದೇಶ ಎಣ್ಣೆ ಮಾರುತ್ತಲ್ಲ?” ಹೌದು, ಮಾರುತ್ತದೆ. ಇಲ್ಲಿಂದ ಹಡಗು ಹತ್ತಿದ ಎಣ್ಣೆ ಬೇರೆಲ್ಲೋ ಉರಿದಾಗ ಅದರ ಇಂಗಾಲ ಆ ದೇಶದ ಲೆಕ್ಕಕ್ಕೆ ಹೋಗುತ್ತದೆ, ಈ ದೇಶದ್ದಕ್ಕಲ್ಲ. ಅಂತಾರಾಷ್ಟ್ರೀಯ ಲೆಕ್ಕದ ನಿಯಮವೇ ಹಾಗೆ. ದುಬೈಯ ಸಮ್ಮೇಳನದ ಕೊನೆಯಲ್ಲಿ ಜಗತ್ತಿನ ದೇಶಗಳೆಲ್ಲ ಸೇರಿ ಪಳೆಯುಳಿಕೆ ಇಂಧನಗಳಿಂದ ದೂರ ಸರಿಯಬೇಕು ಎಂದು ಒಪ್ಪಿಕೊಂಡವು. ಎಷ್ಟು ಬೇಗ ಎಂಬುದರಲ್ಲಿ ಜಗಳ ಇನ್ನೂ ಇದೆ. ಇದನ್ನು ಮುಚ್ಚಿಡಬೇಕಿಲ್ಲ. ನಮ್ಮ ಪಾವಗಡವೂ ಹೀಗೇ ಎರಡು ಮುಖದ್ದು. 2,050 ಮೆಗಾವಾಟ್‌ನ ಸೌರ ಪಾರ್ಕಿಗೆ ರೈತರು ಭೂಮಿ ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಕೊಟ್ಟರು. ಬರದ ಸೀಮೆಯಲ್ಲಿ ಅದು ಒಳ್ಳೆಯ ವ್ಯವಸ್ಥೆಯೇ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಸ್ವಂತ ಭೂಮಿ ಇಲ್ಲದವರ ಕೆಲಸ ಹೋಯಿತು.

200 ಮತ್ತು 2000

ಈಗ ಮೊದಲ ಅಂಕಿಗೆ ಬನ್ನಿ, ಅದು ನಮ್ಮ ಕೈಯಲ್ಲಿರುವುದು.

ದೇವಾ ಬಿಲ್ಲಿನಲ್ಲಿ ಬಣ್ಣ ಬಣ್ಣದ ಸ್ಲ್ಯಾಬ್‌ಗಳಿವೆ. ತಿಂಗಳಿಗೆ 2,000 ಯೂನಿಟ್‌ವರೆಗೆ ಹಸಿರು, ಯೂನಿಟ್‌ಗೆ 23 ಫಿಲ್ಸ್. ಅಲ್ಲಿಂದ ಮೇಲೆ 28, 32, ಕೊನೆಗೆ 6,000 ದಾಟಿದರೆ 38 ಫಿಲ್ಸ್. ಇದರ ಮೇಲೆ ಇಂಧನದ ಸರ್‌ಚಾರ್ಜ್ ಬೇರೆ. ಎರಡು ಬೆಡ್‌ರೂಮಿನ ಫ್ಲ್ಯಾಟಿನವರು ಹಸಿರಿನಲ್ಲೇ ಇದ್ದೇವೆ ಎಂದು ಬೆನ್ನು ತಟ್ಟಿಕೊಳ್ಳುವುದು ಸಹಜ.

ಇದೇ ಹೊತ್ತಿಗೆ ಊರಿನ ಮನೆಯ ಬಿಲ್ ನೆನಪಿಸಿಕೊಳ್ಳಿ. ಕರ್ನಾಟಕದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ವಿದ್ಯುತ್ತಿನ ಗರಿಷ್ಠ ಮಿತಿ ತಿಂಗಳಿಗೆ 200 ಯೂನಿಟ್. ಅಷ್ಟರಲ್ಲಿ ಅಜ್ಜಿ-ತಾತನ ಮನೆಯ ಫ್ರಿಜ್, ಮಿಕ್ಸಿ, ಟಿವಿ, ಫ್ಯಾನ್, ಪಂಪ್ ಎಲ್ಲ ನಡೆಯುತ್ತದೆ. ಅವರ ಇಡೀ ತಿಂಗಳಿನ ಮಿತಿ 200. ನಮ್ಮ ಹಸಿರು ಪಟ್ಟಿ ಮುಗಿಯುವುದೇ 2,000ಕ್ಕೆ. ಒಂದು ಸೊನ್ನೆಯ ವ್ಯತ್ಯಾಸ. ಭಾರತದ ಗ್ರಿಡ್‌ನಲ್ಲಿ ಕಲ್ಲಿದ್ದಲು ಹೆಚ್ಚಿರುವುದರಿಂದ ಅಲ್ಲಿನ ಒಂದು ಯೂನಿಟ್‌ಗೆ ಸರಾಸರಿ 700 ಗ್ರಾಂ ಇಂಗಾಲ ಹಿಡಿದರೂ 200 ಯೂನಿಟ್‌ಗೆ 140 ಕಿಲೋ. ಇಲ್ಲಿ 400 ಗ್ರಾಂ ಹಿಡಿದರೆ 2,000 ಯೂನಿಟ್‌ಗೆ 800 ಕಿಲೋ. ನಮ್ಮ ಯೂನಿಟ್ ಅವರದಕ್ಕಿಂತ ಸ್ವಚ್ಛ, ನಮ್ಮ ಮನೆ ಅವರದಕ್ಕಿಂತ ಐದಾರು ಪಟ್ಟು ಭಾರ. ಮೂರನೇ-ನಾಲ್ಕನೇ ತರಗತಿಯ ಮಗುವಿಗೆ ಈ ಗುಣಾಕಾರವನ್ನು ಕನ್ನಡದಲ್ಲೇ ಮಾಡಿಸಿ. ‘ಇನ್ನೂರು’, ‘ಎಂಟುನೂರು’ ಎಂಬ ಸಂಖ್ಯೆಗಳು ನಮ್ಮ ಮಕ್ಕಳ ಬಾಯಿಂದ ಎಷ್ಟು ಬೇಗ ಮರೆಯಾಗುತ್ತವೆ ಎಂದು ನಿಮಗೆ ಗೊತ್ತೇ ಇದೆ.

ಇಲ್ಲಿಯ ಬಿಸಿಲಿಗೂ ಊರಿನ ಹವೆಗೂ ಹೋಲಿಕೆ ಇಲ್ಲ ಎನ್ನುತ್ತೀರಿ. ನಿಜ. ಜುಲೈಯಲ್ಲಿ ಎಸಿ ಇಲ್ಲದೆ ಇಲ್ಲಿ ಬದುಕುವ ಮಾತು ಯಾರೂ ಆಡಬಾರದು. ಹಸುಗೂಸು, ವಯಸ್ಸಾದವರು ಇರುವ ಮನೆಯಲ್ಲಂತೂ ಅದು ಅಪಾಯ. ಪ್ರಶ್ನೆ ಎಸಿ ಬೇಕೋ ಬೇಡವೋ ಎಂಬುದಲ್ಲ, ಎಷ್ಟು ಎಂಬುದು.

ತಂಪು, ಚಳಿ

ಇಂಗ್ಲಿಷಿನಲ್ಲಿ ಯೋಚಿಸುವ ಮಗುವಿಗೆ ಎಸಿ ಎಂದರೆ ‘ಕೋಲ್ಡ್’. ಎಷ್ಟು ಕೋಲ್ಡ್ ಆದರೆ ಅಷ್ಟು ಚೆನ್ನ. ಕನ್ನಡದಲ್ಲಿ ನಮಗೆ ಎರಡು ಬೇರೆ ಪದಗಳಿವೆ. ತಂಪು ಹಿತ, ಚಳಿ ಹಿತವಲ್ಲ, ಅದಕ್ಕೆ ಹೊದಿಕೆ ಬೇಕು. ಮರದ ನೆರಳು ತಂಪು, ಮಣ್ಣಿನ ಹೂಜಿಯ ನೀರು ತಂಪು, ಮಜ್ಜಿಗೆ ಹೊಟ್ಟೆಗೆ ತಂಪು. ಮಾಗಿಯ ಬೆಳಗು ಚಳಿ. ಎಸಿ 20ಕ್ಕೆ ಇಟ್ಟು ದಪ್ಪ ರಜಾಯಿ ಹೊದ್ದು ಮಲಗುವ ಮಗುವಿಗೆ ಒಂದು ರಾತ್ರಿ ಕೇಳಿ ನೋಡಿ: “ತಂಪು ಬೇಕಾ, ಚಳಿ ಬೇಕಾ?” ಉತ್ತರ ‘ತಂಪು’ ಎಂದೇ ಬರುತ್ತದೆ. “ಹಾಗಾದ್ರೆ ಇಪ್ಪತ್ನಾಲ್ಕು ಮಾಡೋಣ.” ಇದು ಬೈದು ಮಾಡಿಸುವುದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಏಕೆಂದರೆ ನಿರ್ಧಾರ ಮಗುವಿನದು.

24 ಎಂಬ ಅಂಕಿ ಸುಮ್ಮನೆ ಬಂದದ್ದಲ್ಲ. ದೇವಾ ಕೊಡುವ ಸಲಹೆ ಅದೇ. ಭಾರತದಲ್ಲೂ 2020ರ ಜನವರಿಯಿಂದ ಹೊಸ ಎಸಿಗಳು ಆನ್ ಮಾಡಿದ ಕೂಡಲೇ 24 ಡಿಗ್ರಿಯಲ್ಲೇ ಶುರುವಾಗಬೇಕು ಎಂದು ಇಂಧನ ದಕ್ಷತಾ ಬ್ಯೂರೋ ನಿಯಮ ಮಾಡಿತು. ಒಂದೊಂದು ಡಿಗ್ರಿ ಏರಿಸಿದಂತೆ ಎಸಿಯ ವಿದ್ಯುತ್ತಿನಲ್ಲಿ ಶೇ. 5-6ರಷ್ಟು ಉಳಿಯುತ್ತದೆ ಎಂಬುದು ಸಾಮಾನ್ಯ ಅಂದಾಜು. 20ರಿಂದ 24ಕ್ಕೆ ಬಂದರೆ ಐದನೇ ಒಂದು ಪಾಲು. ಬೇಸಿಗೆಯಲ್ಲಿ ಮನೆಯ ಬಿಲ್ಲಿನ ಬಹುಪಾಲು ಎಸಿಯದೇ ಆಗಿರುವಾಗ ಇದು ಚಿಲ್ಲರೆ ಉಳಿತಾಯವಲ್ಲ. ಬೇರೆ ಯಾವ ಸಣ್ಣಪುಟ್ಟ ಕೆಲಸವೂ ಇದರ ಹತ್ತಿರಕ್ಕೂ ಬರುವುದಿಲ್ಲ. ಚಾರ್ಜರ್ ತೆಗೆಯುವುದು, ಎಲ್‌ಇಡಿ ಬಲ್ಬ್ ಆರಿಸುವುದು ಒಳ್ಳೆಯ ಅಭ್ಯಾಸಗಳೇ. ಆದರೆ ಅವು ಮುಗಿದ ಮೇಲೆ ಎಸಿ 19ರಲ್ಲಿ ಗುಂಯ್ ಎನ್ನುತ್ತಿದ್ದರೆ ಏನು ಬಂತು?

ಇನ್ನೊಂದು ವಿಚಿತ್ರ ನಮ್ಮ ಈ ಕಟ್ಟಡಗಳಲ್ಲಿ: ಎಷ್ಟೋ ಫ್ಲ್ಯಾಟ್‌ಗಳಲ್ಲಿ ಸೀಲಿಂಗ್ ಫ್ಯಾನೇ ಇಲ್ಲ. ಊರಿನ ಮನೆಯಲ್ಲಿ ಫ್ಯಾನ್ ಮೊದಲು, ಎಸಿ ಆಮೇಲೆ. ಇಲ್ಲಿ ಫ್ಯಾನ್ ಎಂಬ ಮೆಟ್ಟಿಲನ್ನೇ ಕಿತ್ತುಹಾಕಿದ್ದಾರೆ. ಒಂದು ಪೆಡೆಸ್ಟಲ್ ಫ್ಯಾನ್ ತಂದಿಡಿ. ಅದು ತಿನ್ನುವುದು ಐವತ್ತು-ಅರವತ್ತು ವಾಟ್. ಕಂಪ್ರೆಸರ್ ಓಡುವಾಗ ಒಂದೂವರೆ ಟನ್ನಿನ ಎಸಿಗೆ ಅದರ ಇಪ್ಪತ್ತೈದು ಪಟ್ಟು ಬೇಕು. ಗಾಳಿ ಮೈಗೆ ತಾಗುತ್ತಿದ್ದರೆ 25-26 ಡಿಗ್ರಿಯಲ್ಲೂ ನಿದ್ದೆ ಬರುತ್ತದೆ. ಪಶ್ಚಿಮದ ಕಿಟಕಿಗೆ ದಪ್ಪ ಪರದೆ, ಎಸಿ ಫಿಲ್ಟರ್‌ನ ಧೂಳು ತಿಂಗಳಿಗೊಮ್ಮೆ ತೊಳೆಯುವುದು, ಇವೆಲ್ಲ ನಿಮಗೆ ಗೊತ್ತಿರುವವೇ. ಬಾಡಿಗೆದಾರರಿಗೆ ಛಾವಣಿಯ ಸೋಲಾರ್ ಕೈಗೆಟುಕದು. ಶಮ್ಸ್ ದುಬೈ ಯೋಜನೆ ಕಟ್ಟಡದ ಮಾಲೀಕರಿಗಾಗಿ ಇರುವುದು. ಸೀಡರ್ ವಿಲ್ಲಾಸ್‌ನಂಥ ಕಡೆ ಸ್ವಂತ ವಿಲ್ಲಾ ಇರುವವರು ಆ ದಾರಿ ವಿಚಾರಿಸಬಹುದು. ಮತ್ತೆ, ನಿಮ್ಮದು ಡಿಸ್ಟ್ರಿಕ್ಟ್ ಕೂಲಿಂಗ್ ಇರುವ ಕಟ್ಟಡವಾದರೆ ಅಥವಾ ಚಿಲ್ಲರ್ ಖರ್ಚು ಮಾಲೀಕರೇ ಕಟ್ಟುತ್ತಿದ್ದರೆ ಎಚ್ಚರ: ದೇವಾ ಬಿಲ್ ಪುಟ್ಟದಾಗಿ ಕಾಣುತ್ತದೆ, ತಂಪಿನ ಇಂಗಾಲ ಬೇರೊಂದು ಬಿಲ್ಲಿನಲ್ಲಿ ಅಡಗಿ ಕುಳಿತಿರುತ್ತದೆ. ‘ಚಿಲ್ಲರ್ ಫ್ರೀ’ ಎಂದರೆ ನಮಗೆ ಫ್ರೀ, ಅಷ್ಟೇ.

ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು

ಕೊಲ್ಲಿಯಲ್ಲಿ ಬೆಳೆದ ಮಕ್ಕಳಿಗಷ್ಟೇ ಗೊತ್ತಿರುವ ಒಂದು ತಮಾಷೆ ಇದೆ. ಬೇಸಿಗೆಯಲ್ಲಿ ಟ್ಯಾಂಕಿನ ನೀರು ಕುದಿಯುವಷ್ಟು ಕಾದಿರುತ್ತದೆ, ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುತ್ತದೆ. ಗೀಸರ್ ಆರಿಸಿಟ್ಟರೆ ಅದರೊಳಗಿನ ನೀರು ಮನೆಯ ಎಸಿ ಹವೆಗೆ ತಣಿದು, ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು ಬರುತ್ತದೆ. ಮೇಯಿಂದ ಸೆಪ್ಟೆಂಬರ್‌ವರೆಗೆ ಗೀಸರ್ ಸ್ವಿಚ್ಚಿನ ಕಡೆ ನೋಡುವ ಅಗತ್ಯವೇ ಇಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಅದು ವರ್ಷವಿಡೀ ಉರಿಯುತ್ತಲೇ ಇರುತ್ತದೆ. ಮಗುವಿಗೆ ಈ ತಲೆಕೆಳಗಾದ ನಲ್ಲಿಯ ಉಸ್ತುವಾರಿ ಕೊಡಿ. ಜೊತೆಗೆ ಪದಗಳೂ ಬರಲಿ: ಉಗುರು ಬೆಚ್ಚಗೆ, ಹದ ಬಿಸಿ, ಸುಡುಬಿಸಿ, ಕೊತಕೊತ. ‘ಹಾಟ್’ ಎಂಬ ಒಂದೇ ಪದದಲ್ಲಿ ಇವೆಲ್ಲ ಕರಗಿಹೋಗಿವೆ.

ನೀರಿನ ವಿಷಯದಲ್ಲಿ ಮಕ್ಕಳಿಗೆ ತಿಳಿಸಲೇಬೇಕಾದ ಒಂದು ಮಾತಿದೆ. ದುಬೈಯಲ್ಲಿ ನೀರೂ ಕರೆಂಟೇ. ನಮ್ಮ ನಲ್ಲಿಗೆ ಬರುವುದು ಸಮುದ್ರದ ಉಪ್ಪುನೀರನ್ನು ಸಿಹಿ ಮಾಡಿದ ನೀರು. ಹೊಸ ಪೊರೆ ತಂತ್ರದಲ್ಲೂ ಸಾವಿರ ಲೀಟರ್‌ಗೆ ಮೂರು-ನಾಲ್ಕು ಯೂನಿಟ್ ಬೇಕು. ಕಾಯಿಸಿ ಬಟ್ಟಿ ಇಳಿಸುವ ಹಳೆಯ ವಿಧಾನಕ್ಕೆ ಇನ್ನೂ ಹೆಚ್ಚು ಶಕ್ತಿ. ಹತ್ತು ನಿಮಿಷದ ಶವರ್ ಎಂದರೆ ಎಂಬತ್ತು-ನೂರು ಲೀಟರ್. ಬಕೆಟ್ಟು, ಚೊಂಬು ಆದರೆ ಹದಿನೈದಿಪ್ಪತ್ತು ಲೀಟರಿನಲ್ಲಿ ಸ್ನಾನ ಮುಗಿಯುತ್ತದೆ. ಬೆಂಗಳೂರಿನವರು ಇದನ್ನು ಕೇಳಿ ನಗಬೇಕಿಲ್ಲ. ಕಾವೇರಿ ನೀರು ಟಿ.ಕೆ. ಹಳ್ಳಿಯಿಂದ ನೂರು ಕಿಲೋಮೀಟರ್ ದೂರ, ಸುಮಾರು ಅರ್ಧ ಕಿಲೋಮೀಟರ್ ಎತ್ತರ ಹತ್ತಿ ಬರುವುದೂ ಪಂಪಿನ ಕರೆಂಟಿನಿಂದಲೇ.

ಚೀಲ ಮತ್ತು ತೊಂಡೆಕಾಯಿ

ದುಬೈಯಲ್ಲಿ 2022ರ ಜುಲೈಯಲ್ಲಿ ಕೈಚೀಲಕ್ಕೆ 25 ಫಿಲ್ಸ್ ಬಂತು, 2024ರಲ್ಲಿ ಒಮ್ಮೆ ಬಳಸಿ ಎಸೆಯುವ ಚೀಲಗಳೇ ನಿಂತವು. ಒಳ್ಳೆಯದಾಯಿತು. ಸಮುದ್ರಕ್ಕೂ, ಮರುಭೂಮಿಯಲ್ಲಿ ಪ್ಲಾಸ್ಟಿಕ್ ನುಂಗಿ ಸಾಯುವ ಒಂಟೆಗಳಿಗೂ ಅದರಿಂದ ಉಪಕಾರವಾಗಿದೆ. ಆದರೆ ಇಂಗಾಲದ ಲೆಕ್ಕದಲ್ಲಿ ಚೀಲ ತೀರಾ ಸಣ್ಣದು, ಒಂದಕ್ಕೆ ಕೆಲವು ಹತ್ತು ಗ್ರಾಂ. ಎಸಿ ಒಂದು ಗಂಟೆ ಓಡಿದರೆ ಅಂಥ ಹತ್ತಾರು ಚೀಲಗಳ ಸಮ. ಶಾಲೆಯ ಪಾಠಗಳಲ್ಲಿ ಚೀಲಕ್ಕೆ ಸಿಗುವ ಜಾಗ ನೋಡಿದರೆ, ಹವಾಮಾನ ಬದಲಾವಣೆಯೆಂದರೆ ಪ್ಲಾಸ್ಟಿಕ್ ಎಂದೇ ಮಕ್ಕಳು ತಿಳಿದಿರುವುದರಲ್ಲಿ ಆಶ್ಚರ್ಯವಿಲ್ಲ. ಇವೆರಡೂ ಬೇರೆ ಎಂದು ಮನೆಯಲ್ಲಿ ಬಿಡಿಸಿ ಹೇಳಿ.

ಚೀಲದೊಳಗೆ ಏನಿದೆ ಎಂಬುದೇ ಹೆಚ್ಚು ಮುಖ್ಯ. ನಮ್ಮ ಕಡೆಯ ತೊಂಡೆಕಾಯಿ, ನುಗ್ಗೆ, ಎಳೆ ಬೆಂಡೆ ಇಲ್ಲಿಗೆ ವಿಮಾನದಲ್ಲಿ ಬರುವುದುಂಟು. ಹಾಗೆ ಬಂದ ಒಂದು ಕಿಲೋ ತರಕಾರಿಯ ಬೆನ್ನ ಮೇಲೆ ಸ್ಥೂಲವಾಗಿ ಎರಡು ಕಿಲೋ ಇಂಗಾಲವಿರುತ್ತದೆ. ಹಡಗಿನಲ್ಲಿ ಬರುವ ರಾಗಿ, ಅಕ್ಕಿ, ತೊಗರಿಬೇಳೆಯದು ಅದರ ಮುಂದೆ ಏನೂ ಅಲ್ಲ. ತೊಂಡೆಕಾಯಿ ಪಲ್ಯ ಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಇಲ್ಲಿಯ ತೋಟಗಳ ಸೌತೆ, ಟೊಮೆಟೊ, ಬದನೆ ಅಂಗಡಿಯಲ್ಲಿರುವಾಗ ಅವನ್ನು ಮೊದಲು ಆರಿಸಿ, ತೊಂಡೆಕಾಯಿ ಹಬ್ಬಕ್ಕಿರಲಿ. ಡಬ್ಬದ ಮೇಲಿನ ಊರಿನ ಹೆಸರು ಓದುವ ಕೆಲಸ ಮಗುವಿನದು.

ಕಾರಿನ ವಿಷಯದಲ್ಲಿ ಸಿಲಿಕಾನ್ ಓಯಸಿಸ್‌ನವರಿಗೆ ಸದ್ಯ ಹೆಚ್ಚು ಆಯ್ಕೆ ಇಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕಿಲೋ ಇಂಗಾಲದ ಡೈಆಕ್ಸೈಡ್. ಬರ್ ದುಬೈಗೆ ಹೋಗಿ ಬಂದರೆ ಹತ್ತು ಕಿಲೋ ಹತ್ತಿರ ಬರಬಹುದು. 14 ನಿಲ್ದಾಣಗಳ, 30 ಕಿಲೋಮೀಟರ್‌ನ ಮೆಟ್ರೋ ನೀಲಿ ಮಾರ್ಗ ನಮ್ಮ ಬಡಾವಣೆಯ ಮೂಲಕವೇ ಅಕಾಡೆಮಿಕ್ ಸಿಟಿಗೆ ಹೋಗಲಿದೆ, 2029ರ ಸೆಪ್ಟೆಂಬರ್ 9ಕ್ಕೆ ತೆರೆಯುವ ಗುರಿ. ಇಂದು ಆರನೇ ತರಗತಿಯಲ್ಲಿರುವ ಮಗು ಕಾಲೇಜಿಗೆ ಅದರಲ್ಲೇ ಹೋಗಬಹುದು. ಅಲ್ಲಿಯವರೆಗೆ, ವಾರಾಂತ್ಯದ ಕನ್ನಡ ಪಾಠಶಾಲೆಗೆ ಒಂದೇ ಕಟ್ಟಡದಿಂದ ಮೂರು ಕಾರು ಹೊರಡುತ್ತಿದ್ದರೆ ಸರದಿಯಲ್ಲಿ ಒಂದೇ ಕಾರಿನಲ್ಲಿ ಕಳಿಸಿ. ಹಿಂದಿನ ಸೀಟಿನಲ್ಲಿ ಮೂವರು ಮಕ್ಕಳು ಕನ್ನಡದಲ್ಲಿ ಜಗಳವಾಡುವುದೂ ಒಂದು ಪಾಠವೇ.

ಅಜ್ಜಿಮನೆಯ ಟಿಕೆಟ್

ಉಳಿದಿರುವುದು ಎಲ್ಲಕ್ಕಿಂತ ಕಷ್ಟದ ಲೆಕ್ಕ. ದುಬೈಯಿಂದ ಬೆಂಗಳೂರಿಗೆ ಸುಮಾರು 2,700 ಕಿಲೋಮೀಟರ್. ಎಕಾನಮಿಯಲ್ಲಿ ಒಬ್ಬರು ಹೋಗಿ ಬಂದರೆ ಅಂದಾಜು ಅರ್ಧ ಟನ್ ಇಂಗಾಲ. ನಾಲ್ವರ ಕುಟುಂಬಕ್ಕೆ ಎರಡು ಟನ್. ಹಸಿರು ಸ್ಲ್ಯಾಬನ್ನು ಪೂರ್ತಿ ಬಳಸುವ ಮನೆಯ ಎರಡೂವರೆ ತಿಂಗಳ ಕರೆಂಟಿಗೆ ಇದು ಸಮ. ಎಸಿಯಲ್ಲಿ ವರ್ಷವಿಡೀ ಉಳಿಸಿದ್ದನ್ನು ಒಂದು ಪ್ರಯಾಣ ನುಂಗಿಬಿಡಬಹುದು.

ಹಾಗಾದರೆ ಊರಿಗೆ ಹೋಗುವುದನ್ನು ಕಡಿಮೆ ಮಾಡಬೇಕೇ? ನನ್ನ ಉತ್ತರ ಸ್ಪಷ್ಟ: ಬೇಡ. ನಮ್ಮ ಮಕ್ಕಳ ಕನ್ನಡ ಉಳಿದಿರುವುದು ಬಹುಮಟ್ಟಿಗೆ ಆ ಬೇಸಿಗೆ ರಜೆಯ ಮೇಲೆ. ಅಲ್ಲಿ ಚಿಕ್ಕಪ್ಪನ ಮಕ್ಕಳ ಜೊತೆ ಆಡಲು ಕನ್ನಡ ಬೇಕೇ ಬೇಕು. ಇಲ್ಲಿ ಕನ್ನಡ ಮಾತಾಡುವುದು ನಮ್ಮ ಮೇಲಿನ ಪ್ರೀತಿಗೆ. ಕಡಿತ ಮಾಡಲು ಬೇರೆ ಪ್ರಯಾಣಗಳಿವೆ. ನಾಲ್ಕು ದಿನದ ರಜೆಗೆಂದು ಆಫರ್ ನೋಡಿ ಬುಕ್ ಮಾಡುವ ಟ್ರಿಪ್ಪುಗಳನ್ನು ಮೊದಲು ಅಳೆಯಿರಿ. ವರ್ಷಕ್ಕೆ ಎರಡು ಸಲ ಹತ್ತು-ಹತ್ತು ದಿನ ಊರಿಗೆ ಓಡುವವರು ಒಮ್ಮೆಯೇ ಆರೇಳು ವಾರ ಮಕ್ಕಳನ್ನು ಅಲ್ಲಿ ಬಿಡುವುದು ಸಾಧ್ಯವೇ ನೋಡಿ. ಇಂಗಾಲ ಅರ್ಧ, ಕನ್ನಡ ದುಪ್ಪಟ್ಟು. ಮೊದಲ ವಾರ ಮಗು ಸೆಕೆ ಎಂದು ಅಳುತ್ತದೆ, ಎಸಿ ಇಲ್ಲದೆ ನಿದ್ದೆ ಬರುವುದಿಲ್ಲ ಎನ್ನುತ್ತದೆ. ಎರಡನೇ ವಾರ ಜಗಲಿಯ ಮೇಲೆ ಚಾಪೆ ಹಾಸಿ ಮಲಗುತ್ತದೆ. ಇಲ್ಲೇ 24 ಡಿಗ್ರಿಗೆ ಒಗ್ಗಿದ ಮಗುವಿಗೆ ಆ ಮೊದಲ ವಾರ ಸ್ವಲ್ಪ ಹಗುರ.

ಹೊರಡುವ ಮುನ್ನ ಇಲ್ಲಿಯ ಮನೆಯ ವ್ಯವಸ್ಥೆ. ಎಸಿ ಪೂರ್ತಿ ಆರಿಸಿ ಹೋದರೆ ತೇವಕ್ಕೆ ಗೋಡೆ, ಸೋಫಾ, ರೇಷ್ಮೆ ಸೀರೆಗೆ ಬೂಷ್ಟು ಹಿಡಿಯುತ್ತದೆ ಎಂಬ ಭಯದಿಂದ 22ರಲ್ಲಿ ಓಡಲು ಬಿಟ್ಟು ಹೋಗುವವರಿದ್ದಾರೆ. ಭಯ ನಿಜ, ಅಂಕಿ ಅತಿಯಾಯಿತು. 27-28ರಲ್ಲಿ ಆಟೋ ಮೋಡ್‌ಗೆ ಇಟ್ಟರೆ ಸಾಮಾನ್ಯವಾಗಿ ಸಾಕು. ಫ್ರಿಜ್ ಖಾಲಿ ಮಾಡಿ ಬಾಗಿಲು ತೆರೆದಿಡಿ, ಗೀಸರ್ ಆರಿಸಿ, ನೀರಿನ ವಾಲ್ವ್ ಮುಚ್ಚಿ. ದೇವಾ ಆ್ಯಪ್‌ನಲ್ಲಿ ‘ಅವೇ ಮೋಡ್’ ಎಂಬ ಸೇವೆ ಇದೆ. ನೀವು ಇಲ್ಲದಾಗ ಎಷ್ಟು ಬಳಕೆಯಾಯಿತು ಎಂಬ ವರದಿ ಇಮೇಲ್‌ಗೆ ಬರುತ್ತದೆ.

ಊರಿನಲ್ಲಿ ಒಂದು ಕೆಲಸ ಮರೆಯಬೇಡಿ. ತಿಂಗಳ ಮೊದಲ ದಿನಗಳಲ್ಲಿ ಮೀಟರ್ ನೋಡುವವರು ಮೆಸ್ಕಾಂನಿಂದಲೋ ಬೆಸ್ಕಾಂನಿಂದಲೋ ಬಂದು, ಕೈಯಲ್ಲಿರುವ ಪುಟ್ಟ ಯಂತ್ರದಿಂದ ಅಲ್ಲೇ ಬಿಲ್ ಹರಿದು ಕೊಟ್ಟು ಹೋಗುತ್ತಾರೆ. ಅದು ಕನ್ನಡದಲ್ಲಿ ಇರುತ್ತದೆ. ಹಿಂದಿನ ಮಾಪನ, ಇಂದಿನ ಮಾಪನ, ಬಳಕೆ. ಮಗು ಅಕ್ಷರ ಕೂಡಿಸಿ ಓದಲಿ, ಒಂದರಿಂದ ಇನ್ನೊಂದನ್ನು ಕಳೆಯಲಿ. “ಅಜ್ಜಿ, ನಿಮ್ದು ಬರೀ ಎಂಬತ್ತಾರು ಯೂನಿಟ್ಟಾ?” ಎಂದು ಅದು ಕೇಳಿದಾಗ ಅಜ್ಜಿ ಹೇಳಲಿರುವ ಕತೆಗಳಿಗೆ ನೀವು ಅಡ್ಡ ಬಾರದಿದ್ದರೆ ಸಾಕು.